ಬಯಾಲಾಜಿಕ್ ಇಂಜೆಕ್ಷನ್‌ಗೆ ಮುಂಚೆ ಟಿಬಿ ಟೆಸ್ಟ್ ಮಾಡಿಸಿಕೊಳ್ಳಿ

ಸಂಧಿವಾತಕ್ಕೋ, ಸೋರಿಯಾಸಿಸ್‌ಗೋ, ಕರುಳಿನ ಕ್ರೋನ್ಸ್ ಕಾಯಿಲೆಗೋ ಡಾಕ್ಟರು ಅಡಾಲಿಮುಮಾಬ್ ಅಥವಾ ಇನ್‌ಫ್ಲಿಕ್ಸಿಮಾಬ್ ಎಂಬ ಬಯಾಲಾಜಿಕ್ (ಜೀವಕೋಶಗಳಿಂದ ತಯಾರಿಸುವ ಔಷಧಿ) ಬರೆದುಕೊಟ್ಟಿದ್ದಾರಾ? ಟಿಬಿ ಟೆಸ್ಟ್ ಯಾವಾಗ ಅಂತ ನೀವೇ ಕೇಳಿ. ಕೆಮ್ಮೇ ಇಲ್ಲ, ನನಗ್ಯಾಕೆ ಅನ್ನಬೇಡಿ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಸುಮ್ನೆ ಮಲಗಿರುತ್ತದೆ, ಮೈಯ ರಕ್ಷಣಾ ಕಣಗಳು ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕಿರುತ್ತವೆ, ಆ ಗೋಡೆ ನಿಲ್ಲಲು ಬೇಕಾದ ಟಿಎನ್‌ಎಫ್ ಎಂಬ ಪ್ರೋಟೀನನ್ನೇ ಈ ಇಂಜೆಕ್ಷನ್ ತಡೆಯುತ್ತದೆ. ಕೀಲುನೋವು ಇಳಿಯುತ್ತದೆ, ಗೋಡೆಯೂ ಕುಸಿಯಬಹುದು. ಇದೇ ಬಗೆಯ ಇನ್ನೊಂದು ಇಂಜೆಕ್ಷನ್ ಎಟನರ್ಸೆಪ್ಟ್‌ನಲ್ಲಿ ಅಪಾಯ ಇವೆರಡಕ್ಕಿಂತ ಕಡಿಮೆ, ಆದರೂ ಟೆಸ್ಟ್ ಬಿಡುವಂತಿಲ್ಲ. ಸಂಧಿವಾತಕ್ಕೆ ಕೊಡುವ ಟೊಫಾಸಿಟಿನಿಬ್ ಬರೀ ಮಾತ್ರೆ ಅಲ್ವಾ ಅಂದುಕೊಂಡರೆ, ಅದಕ್ಕೂ ಬೇಕು.

ಟೆಸ್ಟ್ ಅಂದರೆ ಎದೆಯ ಎಕ್ಸ್‌ರೇ, ಜೊತೆಗೆ ಮಾಂಟೂ (ಕೈ ಚರ್ಮಕ್ಕೆ ಚುಚ್ಚಿ ಉಬ್ಬು ನೋಡುವ ಟೆಸ್ಟ್) ಅಥವಾ ಇಗ್ರಾ ರಕ್ತ ಪರೀಕ್ಷೆ. ಕೆಲವರು ಎರಡೂ ಮಾಡಿಸುತ್ತಾರೆ. ಮಾಂಟೂ ಚುಚ್ಚಿಸಿಕೊಂಡು ಮನೆಗೆ ಬಂದು ಮರೆತುಬಿಟ್ಟರೆ ಟೆಸ್ಟ್ ದಂಡ: 48ರಿಂದ 72 ಗಂಟೆಯೊಳಗೆ ಹೋಗಿ ಕೈ ತೋರಿಸಬೇಕು. ಅಳೆಯುವುದು ಗಟ್ಟಿಯಾದ ಉಬ್ಬನ್ನು, ಸುತ್ತಲಿನ ಕೆಂಪನ್ನಲ್ಲ. ಈ ಔಷಧಿ ತಗೊಳ್ಳುವವರಿಗೆ 5 ಮಿಲಿಮೀಟರ್ ಇದ್ದರೂ ಪಾಸಿಟಿವ್. ಚಿಕ್ಕಂದಿನ ಬಿಸಿಜಿ ಲಸಿಕೆಯಿಂದ ಮಾಂಟೂ ಕೆಲವೊಮ್ಮೆ ಸುಳ್ಳು ಪಾಸಿಟಿವ್ ಆಗುತ್ತದೆ, ಇಗ್ರಾಗೆ ಆ ತೊಂದರೆ ಇಲ್ಲ. ಆದರೆ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ಎರಡೂ ಸುಳ್ಳು ನೆಗೆಟಿವ್ ಬರಬಹುದು. ಅದಕ್ಕೇ ಮಾತ್ರೆಗಳ ಪಟ್ಟಿ ತೋರಿಸಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಟಿಬಿ ಆಗಿತ್ತಾ, ಅದನ್ನೂ ಮುಚ್ಚಿಡದೆ ಹೇಳಿ.

ಪಾಸಿಟಿವ್ ಬಂತು ಅಂತ ಗಾಬರಿ ಬೇಡ. ಟಿಬಿ ಕಾಯಿಲೆಯೇ ಇದೆ ಅಂತ ಅರ್ಥ ಅಲ್ಲ. ಕಾಯಿಲೆ ಇಲ್ಲ ಅಂತ ಖಾತ್ರಿಯಾದ ಮೇಲೆ ತಡೆ ಮಾತ್ರೆ ಕೊಡುತ್ತಾರೆ: ಐಸೋನಿಯಜಿಡ್ ದಿನಾ 6 ತಿಂಗಳು, ಇಲ್ಲವೇ ಅದನ್ನೇ ರಿಫಾಪೆಂಟಿನ್ ಎಂಬ ಇನ್ನೊಂದು ಮಾತ್ರೆ ಜೊತೆ ವಾರಕ್ಕೊಮ್ಮೆಯಂತೆ 12 ಡೋಸ್. ಸಾಮಾನ್ಯವಾಗಿ ಒಂದು ತಿಂಗಳು ಮಾತ್ರೆ ತಗೊಂಡ ಮೇಲೆ ಇಂಜೆಕ್ಷನ್ ಶುರು ಮಾಡಬಹುದು, ಕೋರ್ಸ್ ಮಾತ್ರ ಪೂರ್ತಿ ಮುಗಿಸಲೇಬೇಕು. ಮದ್ಯ ಕುಡಿಯಬೇಡಿ, ಈ ಮಾತ್ರೆಗಳಿಂದ ಲಿವರ್ ಮೇಲೆ ಮೊದಲೇ ಭಾರ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅಂದೇ ಡಾಕ್ಟರಿಗೆ ತಿಳಿಸಿ. ರಿಫಾಪೆಂಟಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಕಿಲ್ಲ.

ನೆಗೆಟಿವ್ ಬಂದವರು ಫೈಲ್ ಮುಚ್ಚಿಟ್ಟು ಕೂರಬೇಡಿ, ಆಮೇಲೂ ಸೋಂಕು ತಗಲಬಹುದು. ಈ ಔಷಧಿ ತಗೊಳ್ಳುವವರಲ್ಲಿ ಟಿಬಿ ಶ್ವಾಸಕೋಶದ ಹೊರಗೂ ಜಾಸ್ತಿ ಕಾಣುತ್ತದೆ, ಕೆಮ್ಮೇ ಇರದೆ ಬರೀ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಡ್ಡೆ ಇರಬಹುದು. ಹಾಗಾದರೆ ಮುಂದಿನ ಡೋಸ್ ಚುಚ್ಚಿಕೊಳ್ಳುವ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಜ್ವರಕ್ಕೆ ಅಂತ ಬೇರೆ ಕ್ಲಿನಿಕ್‌ಗೆ ಹೋದರೆ ಇಂಜೆಕ್ಷನ್ ಹೆಸರು ಹೇಳಿ. ನೆನಪಿರದಿದ್ದರೆ ಅದರ ಡಬ್ಬಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.