ಸ್ಟಾರ್ಟ್ ಆಗುವಾಗ ಹುಡುಕಾಟ ಬೇಡ, ಕಂಪೈಲ್ ಆಗುವಾಗಲೇ ಪಟ್ಟಿ ಸಿಗಲಿ

ನಾನು ಕೆಲಸ ಮಾಡುವ ಜಾವಾ ಅಪ್ಲಿಕೇಶನ್‌ನಲ್ಲಿ ರಿಪೋರ್ಟ್ ತಯಾರಿಸುವ ಕ್ಲಾಸ್‌ಗಳು ಬೇಕಾದಷ್ಟಿವೆ. ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಹರಡಿಕೊಂಡಿವೆ. ಪ್ರತಿ ಕ್ಲಾಸ್ ಮೇಲೂ ನಾವೇ ಮಾಡಿಕೊಂಡ ‘@ರಿಪೋರ್ಟ್’ ಆನೊಟೇಶನ್ (ಕೋಡ್ ಮೇಲೆ ಅಂಟಿಸುವ ಗುರುತುಚೀಟಿ), ಅದರೊಳಗೆ ಆ ರಿಪೋರ್ಟಿನ ಕೋಡ್. ಅಪ್ಲಿಕೇಶನ್ ಶುರುವಾಗುವಾಗ ಎಲ್ಲ ಜಾರ್‌ಗಳನ್ನೂ (ಕಂಪೈಲ್ ಆದ ಕ್ಲಾಸ್‌ಗಳನ್ನು ಕಟ್ಟಿಟ್ಟ ಫೈಲ್‌ಗಳು) ತೆರೆದು, ಕ್ಲಾಸ್ ಫೈಲ್‌ಗಳನ್ನು ಒಂದೊಂದಾಗಿ ಓದಿ, ಯಾವುದಕ್ಕೆ ಈ ಗುರುತಿದೆ ಅಂತ ಹುಡುಕಬೇಕಿತ್ತು. ಮತದಾರರ ಪಟ್ಟಿ ಇಲ್ಲದೆ ಮತದಾನದ ದಿನವೇ ಮನೆ ಮನೆಗೆ ಹೋಗಿ ಹೆಸರು ಬರೆದುಕೊಂಡ ಹಾಗೆ! ಬಿಲ್ಡ್ ಮುಗಿದ ಮೇಲೆ ಈ ಪಟ್ಟಿ ಬದಲಾಗುವುದೇ ಇಲ್ಲ ಅಲ್ವಾ? ಹಾಗಾದರೆ ಅದನ್ನು ಕಂಪೈಲರ್ ಕೈಯಲ್ಲೇ ಬರೆಸಬಹುದು.

ಇದಕ್ಕೆ ಬೇಕಾದ ಆನೊಟೇಶನ್ ಪ್ರೊಸೆಸಿಂಗ್ ಸೌಲಭ್ಯ 2006ರ ಜಾವಾ 6ರಿಂದಲೂ ಕಂಪೈಲರ್ ಒಳಗೇ ಇದೆ. ‘ಅಬ್‌ಸ್ಟ್ರಾಕ್ಟ್‌ಪ್ರೊಸೆಸರ್’ ಅನ್ನು ಎಕ್ಸ್‌ಟೆಂಡ್ ಮಾಡಿ ಒಂದು ಸಣ್ಣ ಕ್ಲಾಸ್ ಬರೆದೆ, ಅದೇ ಪ್ರೊಸೆಸರ್. ಕಂಪೈಲರ್ ಅದನ್ನು ಸುತ್ತು ಸುತ್ತಾಗಿ ಕರೆಯುತ್ತದೆ. ಪ್ರತಿ ಸುತ್ತಿನಲ್ಲೂ ಗುರುತಿರುವ ಕ್ಲಾಸ್‌ಗಳನ್ನು ಸೇರಿಸಿಕೊಳ್ಳುತ್ತಾ ಹೋಗಿ, ಕೊನೆಯ ಸುತ್ತಿನಲ್ಲಿ ಮಾತ್ರ ‘ಮೆಟಾ-ಇನ್ಫ್’ ಫೋಲ್ಡರ್‌ನಲ್ಲಿ ಫೈಲ್ ಬರೆಯುತ್ತೇನೆ. ನಡುವೆ ಬರೆದರೆ ಮುಂದಿನ ಸುತ್ತಿನಲ್ಲಿ ಬಂದದ್ದು ಬಿಟ್ಟುಹೋಗುತ್ತದೆ, ಅದೇ ಫೈಲನ್ನು ಮತ್ತೆ ತೆರೆಯಲು ಕಂಪೈಲರ್ ಬಿಡುವುದೂ ಇಲ್ಲ.

ಫೈಲ್‌ನ ಒಂದೊಂದು ಸಾಲಲ್ಲೂ ರಿಪೋರ್ಟ್ ಕೋಡ್, ಸಮ ಚಿಹ್ನೆ, ಕ್ಲಾಸ್‌ನ ಪೂರ್ತಿ ಹೆಸರು. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಕ್ಲಾಸ್ ಒಳಗೆ ಇನ್ನೊಂದು ಕ್ಲಾಸ್ ಇದ್ದರೆ, ಸೋರ್ಸ್‌ನಲ್ಲಿ ಅದರ ಹೆಸರು ‘ಬಾಕಿ.ಮಾಸಿಕ’. ಲೋಡ್ ಮಾಡುವಾಗ ಮಾತ್ರ ‘ಬಾಕಿ$ಮಾಸಿಕ’ ಅಂತಲೇ ಕೇಳಬೇಕು. ಅದಕ್ಕೇ ‘ಗೆಟ್‌ಬೈನರಿನೇಮ್’ ಕರೆದು ಆ ಹೆಸರನ್ನೇ ಬರೆಯಬೇಕು.

ಸ್ಟಾರ್ಟಪ್ ಹಗುರಾಯಿತು, ಅದು ಸರಿ. ನನಗೆ ಜಾಸ್ತಿ ಬೆಲೆಬಾಳುವುದು ಬೇರೆಯೇ. ಪ್ರೊಸೆಸರ್ ಹೇಗಿದ್ದರೂ ಕ್ಲಾಸನ್ನು ನೋಡುತ್ತಿರುತ್ತದೆ, ಹಾಗಾಗಿ ತಪಾಸಣೆಯನ್ನೂ ಅದಕ್ಕೇ ವಹಿಸಿದೆ. ರಿಪೋರ್ಟ್ ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿದೆಯಾ? ಆರ್ಗ್ಯುಮೆಂಟ್ ಇಲ್ಲದ ಪಬ್ಲಿಕ್ ಕನ್‌ಸ್ಟ್ರಕ್ಟರ್ ಇದೆಯಾ? ಇದೇ ಮಾಡ್ಯೂಲ್‌ನಲ್ಲಿ ಅದೇ ಕೋಡ್ ಇನ್ನೊಂದು ಕ್ಲಾಸ್‌ಗೂ ಇದೆಯಾ? ತಪ್ಪಿದ್ದರೆ ‘ಮೆಸೇಜರ್’ ಮೂಲಕ ಎರರ್ ಕೊಡುತ್ತೇನೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಎರರ್ ಜೊತೆ ಆ ಕ್ಲಾಸಿನ ಎಲಿಮೆಂಟನ್ನೂ ಕಳಿಸಿದರೆ ಫೈಲ್ ಹೆಸರು, ಸಾಲಿನ ನಂಬರ್ ಸಮೇತ ಬರುತ್ತದೆ. ಗ್ರಾಹಕರು ಬಟನ್ ಒತ್ತಿದಾಗ ಒಡೆಯಬೇಕಿದ್ದದ್ದು ಡೆವಲಪರ್ ಮೇಜಿನ ಮೇಲೇ ಸಿಕ್ಕಿಬೀಳುತ್ತದೆ. ಪಟ್ಟಿ ಬೇಡದಿದ್ದರೂ ಇದೊಂದಕ್ಕಾಗಿಯೇ ಪ್ರೊಸೆಸರ್ ಬರೆಯಬಹುದು ಅನ್ನುವಷ್ಟು ಇಷ್ಟ ನನಗೆ.

ಕಾಡುವುದು ಅರ್ಧ ಪಟ್ಟಿ. ಬದಲಾದ ಫೈಲ್‌ಗಳನ್ನಷ್ಟೇ ಕಂಪೈಲ್ ಮಾಡುವಾಗ ಪ್ರೊಸೆಸರ್‌ಗೆ ಕಾಣುವುದೂ ಅಷ್ಟೇ. ಇದ್ದ ಪಟ್ಟಿ ಅಳಿಸಿ ಒಂದೇ ಹೆಸರಿನ ಪಟ್ಟಿ ಬಂದು ಕೂರಬಹುದು. ಗ್ರೇಡಲ್ ಅನ್ನುವ ಬಿಲ್ಡ್ ಟೂಲ್‌ನಲ್ಲಿ ಇಂಥ ಪ್ರೊಸೆಸರನ್ನು ‘ಅಗ್ರಿಗೇಟಿಂಗ್’ ಅಂತ ಘೋಷಿಸಬೇಕು. ಆಗ ಆ ಆನೊಟೇಶನ್ ಇರುವ ಎಲ್ಲ ಕ್ಲಾಸ್‌ಗಳನ್ನೂ ಗ್ರೇಡಲ್ ಪ್ರತಿ ಸಲ ಪ್ರೊಸೆಸರ್‌ಗೆ ಕೊಡುತ್ತದೆ. ಆನೊಟೇಶನ್‌ನ ರಿಟೆನ್ಶನ್ (ಗುರುತು ಎಲ್ಲಿಯವರೆಗೆ ಉಳಿಯುತ್ತದೆ ಅನ್ನುವ ಸೆಟ್ಟಿಂಗ್) ‘ಕ್ಲಾಸ್’ ಅಥವಾ ‘ರನ್‌ಟೈಮ್’ ಇರಲೇಬೇಕು, ‘ಸೋರ್ಸ್’ ಆದರೆ ನಡೆಯದು. ಎಲ್ಲ ಮಾಡ್ಯೂಲ್‌ಗಳನ್ನೂ ಒಂದೇ ಜಾರ್‌ಗೆ ತುಂಬುವವರಿಗೆ ಇನ್ನೊಂದು ಗಂಡಾಂತರ: ಎಲ್ಲ ಪಟ್ಟಿಗಳಿಗೂ ಒಂದೇ ಹೆಸರು, ಒಂದರ ಮೇಲೊಂದು ಬರೆದು ಒಂದೇ ಉಳಿಯಬಹುದು. ಮೇವನ್ ಬಿಲ್ಡ್ ಟೂಲ್‌ನಲ್ಲಿ ಹೀಗೆ ಒಂದೇ ಜಾರ್ ಕಟ್ಟುವ ಶೇಡ್ ಪ್ಲಗಿನ್‌ಗೆ ‘ಅಪೆಂಡಿಂಗ್ ಟ್ರಾನ್ಸ್‌ಫಾರ್ಮರ್’ ಹಾಕಿದರೆ ಸಾಲುಗಳು ಸೇರಿಕೊಳ್ಳುತ್ತವೆ.

ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್‌ನ 5ನೇ ಆವೃತ್ತಿಯಲ್ಲಿ, 2017ರಲ್ಲಿ, ಕಂಪೈಲ್ ಆಗುವಾಗಲೇ ಇಂಥ ಪಟ್ಟಿ ಬರೆಯುವ ಕಾಂಪೊನೆಂಟ್ ಇಂಡೆಕ್ಸರ್ ಬಂತು, ಅದಕ್ಕೂ ಇದೇ ಸ್ವಭಾವ. ಒಂದು ಜಾರ್‌ನಲ್ಲಿ ಇಂಡೆಕ್ಸ್ ಸಿಕ್ಕಿದರೆ ಸಾಕು, ಸ್ಪ್ರಿಂಗ್ ಸ್ಕ್ಯಾನ್ ಬಿಟ್ಟು ಇಂಡೆಕ್ಸನ್ನೇ ನಂಬುತ್ತದೆ. ಇಂಡೆಕ್ಸ್ ಇಲ್ಲದ ಮಾಡ್ಯೂಲ್‌ನ ಕ್ಲಾಸ್‌ಗಳು ಸುಮ್ನೆ ಮಾಯ. ಸ್ಪ್ರಿಂಗ್ 6.1ರಲ್ಲಿ ಆ ಇಂಡೆಕ್ಸರನ್ನು ಡೆಪ್ರಿಕೇಟ್ ಮಾಡಿದ್ದಾರೆ (ಅಂದರೆ ಇನ್ನು ಬಳಸಬೇಡಿ ಅಂತ ಗುರುತು ಹಾಕಿದ್ದಾರೆ), ಹೊಸದಾಗಿ ಶುರುಮಾಡುವವರು ಅದರ ಸಹವಾಸಕ್ಕೆ ಹೋಗಬೇಡಿ.

ಅರ್ಧ ಪಟ್ಟಿಯ ಭಯಕ್ಕೆ ನಾನು ಹಳೇ ಸ್ಕ್ಯಾನನ್ನು ಪೂರ್ತಿ ಕಿತ್ತುಹಾಕಿಲ್ಲ, ಟೆಸ್ಟ್‌ಗೆ ಸಾಗಿಸಿದ್ದೇನೆ. ರಿಲೀಸ್ ಜಾರ್ ಮೇಲೆ ಸ್ಕ್ಯಾನ್ ಓಡಿಸಿ, ಸಿಕ್ಕ ಹೆಸರುಗಳನ್ನು ಪಟ್ಟಿಯ ಜೊತೆ ಹೋಲಿಸುತ್ತೇನೆ. ಎರಡು ಮಾಡ್ಯೂಲ್‌ಗಳಲ್ಲಿ ಒಂದೇ ಕೋಡ್ ಇದ್ದರೂ ಇಲ್ಲೇ ಗೊತ್ತಾಗುತ್ತದೆ. ಒಂದು ಹೆಸರು ಆಚೀಚೆ ಆದರೂ ರಿಲೀಸ್ ಇಲ್ಲ.

ಜಾವಾ 23ಕ್ಕೆ ಹೋಗುವವರು ಇದನ್ನೂ ನೋಡಿಕೊಳ್ಳಿ: ಪ್ರೊಸೆಸರ್ ಕ್ಲಾಸ್‌ಪಾತ್‌ನಲ್ಲಿ (ಕಂಪೈಲರ್ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿ) ಇದ್ದ ಮಾತ್ರಕ್ಕೆ ಕಂಪೈಲರ್ ಈಗ ಅದನ್ನು ತಾನಾಗಿ ಓಡಿಸುವುದಿಲ್ಲ. ಬಿಲ್ಡ್ ಫೈಲ್‌ನಲ್ಲಿ ಪ್ರೊಸೆಸರ್ ಪಾತ್ ಬರೆದುಬಿಡಿ.