ಇವತ್ತು ರಾತ್ರಿ ಹಾಸ್ಟೆಲ್ ಫೋನ್ ಯಾರ ಹತ್ರ ಇದೆ

ನಾನು ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ, ಜೊತೆಗೆ ಒಂಬತ್ತು ವರ್ಷದಿಂದ ಲೇಡೀಸ್ ಹಾಸ್ಟೆಲ್ ವಾರ್ಡನ್. ವಾರ್ಡನ್ ಅಂದ್ರೆ ಔಟ್‌ಪಾಸ್‌ಗೆ ಸೈನ್ ಹಾಕೋದು, ಮೆಸ್ ಬಿಲ್ ನೋಡೋದು, ಗೀಸರ್ ಕೆಟ್ರೆ ಎಲೆಕ್ಟ್ರಿಷಿಯನ್ ಕರೆಸೋದು ಅಂತ ಹೊರಗಿನವರು ಅಂದ್ಕೊಂಡಿರ್ತಾರೆ. ಅದೂ ಇದೆ. ಆದ್ರೆ ರಾತ್ರಿ ಹನ್ನೊಂದರ ಮೇಲೆ ಬಾಗಿಲು ತಟ್ಟೋ ಹುಡುಗೀರು ಗೀಸರ್ ವಿಷಯ ಹೇಳೋಕೆ ಬರಲ್ಲ. ಮನೇಲಿ ಅಪ್ಪ ಕುಡಿದು ಬಂದು ಅಮ್ಮನ್ನ ಹೊಡೆಯೋದು, ಚಿಕ್ಕೋಳಿದ್ದಾಗ ನೆಂಟನೊಬ್ಬ ಮಾಡಿದ್ದು, ಯಾವನೋ ಫೋಟೋ ಇಟ್ಕೊಂಡು ಹೆದರಿಸ್ತಿರೋದು, ನಾಲ್ಕು ಬ್ಯಾಕ್‌ಲಾಗ್ ಇದೆ ಅಂತ ಮನೇಲಿ ಹೇಳೋಕಾಗದೆ ಒದ್ದಾಡ್ತಿರೋದು. ಇದನ್ನೆಲ್ಲ ಕೇಳಿಸ್ಕೊಳೋಕೆ ನನಗೆ ಯಾವ ಟ್ರೈನಿಂಗೂ ಇರ್ಲಿಲ್ಲ. ಬೇರೆ ಯಾರೂ ಇಲ್ಲ ಅಂತ ಕೇಳಿಸ್ಕೊಂಡೆ.

2023ರಲ್ಲಿ ಒಂದು ದಿನ, ರಿಸಲ್ಟ್ ಬಂದ ರಾತ್ರಿ, ಮೂರನೇ ಮಹಡಿಯ ಒಬ್ಬ ಹುಡುಗೀನ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ವಿ. ಅವಳು ಉಳಿದಳು, ಈಗ ಚೆನ್ನಾಗಿದಾಳೆ, ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯೋ ಹಕ್ಕು ನನಗಿಲ್ಲ. ನನ್ನ ಬಗ್ಗೆ ಬರೀಬಹುದು. ಬೆಳಗಿನ ಜಾವ ಐದರ ತನಕ ಕ್ಯಾಶುವಾಲ್ಟಿ ಹೊರಗೆ ನಿಂತಿದ್ದೆ, ಎಂಎಲ್‌ಸಿ, ಅಂದ್ರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸ್ಬೇಕಾದ ಕೇಸ್ ಆಗಿದ್ರಿಂದ ಪೊಲೀಸ್ನೋರು ಬಂದು ಹೇಳಿಕೆ ತಗೊಂಡ್ರು, ಅವಳ ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದ್ದೂ ನಾನೇ, ಆಮೇಲೆ ಮನೆಗೆ ಬಂದು ಸ್ನಾನ ಮಾಡಿ ಒಂಬತ್ತು ಗಂಟೆಗೆ ಕ್ಲಾಸಿಗೆ ಹೋಗಿ ಡಿಫ್ರಾಕ್ಷನ್ ಪಾಠ ಮಾಡಿದೆ. ಕ್ಲಾಸಿಗೆ ಹೋಗಿ ಅಂತ ಯಾರೂ ಹೇಳಿರ್ಲಿಲ್ಲ, ಇವತ್ತು ಬೇಡ ಮೇಡಂ ಅಂತಾನೂ ಯಾರೂ ಹೇಳ್ಲಿಲ್ಲ. (ಆವತ್ತು ಅವಳ ಅಪ್ಪ ಅಮ್ಮ ಮಗಳ ಮೇಲೆ ಕೇಸ್ ಆಗುತ್ತೇನೋ ಅಂತ ನಡುಗ್ತಿದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ರು ಅಂತಾನೇ ಭಾವಿಸ್ಬೇಕು, ಶಿಕ್ಷೆ ಕೊಡೋ ಹಾಗಿಲ್ಲ. ಇದು ನನಗೆ ಆಗ ಗೊತ್ತಿದ್ದಿದ್ರೆ ಆ ತಾಯಿಗೆ ಅಲ್ಲೇ ಹೇಳ್ತಿದ್ದೆ. ಪ್ರತಿ ವಾರ್ಡನ್‌ಗೂ ಗೊತ್ತಿರಬೇಕು.)

ಆಮೇಲೆ ನನ್ನಲ್ಲಿ ಏನೇನೋ ಶುರುವಾಯ್ತು. ಫೋನ್ ರಿಂಗ್ ಆದ್ರೆ ಹೊಟ್ಟೆ ಒಳಗೆ ಹಿಂಡಿದ ಹಾಗೆ. ಮನೇಲಿ ಮಗಳು ಬಾತ್‌ರೂಮಿಗೆ ಹೋಗಿ ಐದು ನಿಮಿಷ ಆದ್ರೆ ಹೋಗಿ ಬಾಗಿಲು ತಟ್ಟೋದು, ಅವಳು "ಅಮ್ಮಾ, ಸ್ನಾನ ಮಾಡ್ತಿದೀನಿ" ಅಂತ ಕಿರುಚೋದು. ರಾತ್ರಿ ಎರಡೂವರೆಗೆ ತಾನಾಗೇ ಎಚ್ಚರ. ಇದನ್ನೆಲ್ಲ ಸುಸ್ತು ಅಂದ್ಕೊಂಡು ನಾಲ್ಕು ದಿನ ರಜೆ ಹಾಕಿ ಮನೆಯವರ ಜೊತೆ ಕುಕ್ಕೆ, ಧರ್ಮಸ್ಥಳ ಹೋಗಿ ಬಂದೆ, ಅಲ್ಲಿ ಛತ್ರದ ರೂಮಲ್ಲೂ ಎರಡೂವರೆಗೇ ಎಚ್ಚರ ಆಯ್ತು.

ನಿಜವಾಗ್ಲೂ ಹೆದರಿಕೆ ಆಗಿದ್ದು ಇದ್ಯಾವುದಕ್ಕೂ ಅಲ್ಲ. ಒಂದು ದಿನ ಫಸ್ಟ್ ಇಯರ್ ಹುಡುಗಿ ಒಬ್ಬಳು ನನ್ನ ಮುಂದೆ ಕೂತು ಅಳ್ತಿದ್ಲು, ನನಗೆ ಏನೂ ಅನ್ನಿಸ್ಲಿಲ್ಲ, ಮನಸ್ಸಲ್ಲಿ ಇಂಟರ್ನಲ್ಸ್ ಪೇಪರ್ ಲೆಕ್ಕ ಓಡ್ತಿತ್ತು. ಅವಳು ಕಣ್ಣೊರೆಸ್ಕೊಂಡು "ಥ್ಯಾಂಕ್ಯೂ ಮ್ಯಾಮ್" ಅಂದು ಎದ್ದು ಹೋದ್ಲು. ಆ ಥ್ಯಾಂಕ್ಯೂ ಇವತ್ತಿಗೂ ಚುಚ್ಚುತ್ತೆ.

ಆ ವಾರಾನೇ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋದೆ. ಅಲ್ಲಿನ ಸೋಶಿಯಲ್ ವರ್ಕರ್ ಒಬ್ರು ಪ್ರೊಕ್ವಾಲ್ ಅನ್ನೋ ಪ್ರಶ್ನಾವಳಿ ಕೊಟ್ರು, 30 ಪ್ರಶ್ನೆ, ಕಳೆದ 30 ದಿನ ಹೇಗಿದ್ರಿ ಅಂತ. ಅದರಲ್ಲಿ ಮೂರು ಬೇರೆ ಬೇರೆ ಲೆಕ್ಕ ಬರುತ್ತೆ: ಸಹಾಯ ಮಾಡೋದ್ರಿಂದ ಸಿಗೋ ತೃಪ್ತಿ, ಬರ್ನೌಟ್, ಮತ್ತೆ ಸೆಕೆಂಡರಿ ಟ್ರಾಮಾ. ನನಗೆ ಬರ್ನೌಟ್ ಮಧ್ಯಮ, ಟ್ರಾಮಾ ಜಾಸ್ತಿ, ಆದ್ರೆ ತೃಪ್ತೀನೂ ಜಾಸ್ತಿ. ಅಲ್ಲೇ ಅತ್ತುಬಿಟ್ಟೆ. ಈ ಕೆಲಸ ಬೇಡವಾಗಿದೆ ಅಂತ ಅಂದ್ಕೊಂಡಿದ್ದೆ, ಬೇಡ ಆಗಿರ್ಲೇ ಇಲ್ಲ.

ಅವರು ಬಿಡಿಸಿ ಹೇಳಿದ್ದು ಹೀಗೆ. ಬರ್ನೌಟ್ ನಿಧಾನಕ್ಕೆ ಬರುತ್ತೆ, ಕೆಲಸ ಜಾಸ್ತಿ, ಕೈ ಕಡಿಮೆ, ಹೇಳಿದ ಮಾತಿಗೆ ಬೆಲೆ ಇಲ್ಲ ಅನ್ನೋದ್ರಿಂದ. ಸೆಕೆಂಡರಿ ಟ್ರಾಮಾ ಒಂದೇ ರಾತ್ರೀಲಿ ಬರಬಹುದು, ಇನ್ನೊಬ್ಬರಿಗಾದ ಪೆಟ್ಟು ಕೇಳಿದವರ, ನೋಡಿದವರ ಮೈಯಲ್ಲಿ ಕೂತ್ಕೊಳುತ್ತೆ. ಮೊದಲನೇದಕ್ಕೆ ರಜೆ, ಪಾಳಿ ಸಹಾಯ ಮಾಡುತ್ತೆ. ಎರಡನೇದು ರಜೆಗೆ ಜೊತೇಲೇ ಬರುತ್ತೆ, ಅದಕ್ಕೆ ಬೇರೆ ಮದ್ದು. ಕುಕ್ಕೆ ಛತ್ರದ ಎರಡೂವರೆ ಗಂಟೆ ಆಗ ಅರ್ಥ ಆಯ್ತು.

ನಾನು ಮಾಡಿದ್ದರಲ್ಲಿ ಜಾಸ್ತಿ ಕೆಲಸಕ್ಕೆ ಬಂದಿದ್ದು, ಕಥೆ ಹೇಳೋದು ನಿಲ್ಲಿಸಿದ್ದು. ಘಟನೆ ಆದಮೇಲೆ ಸಿಕ್ಕಿದವರೆಲ್ಲ "ಏನಾಯ್ತು ಮೇಡಂ" ಅಂತ ಕೇಳೋರು, ನಾನು ಪ್ರತಿ ಸಲ ಬಾಗಿಲಿಂದ ಆಂಬುಲೆನ್ಸ್ ತನಕ ಪೂರ್ತಿ ಹೇಳೋಳು, ಹೇಳಿದಾಗೆಲ್ಲ ನಾನು ಮತ್ತೆ ಅದೇ ಬಾಗಿಲ ಮುಂದೆ ನಿಂತಿರ್ತಿದ್ದೆ, ಕೇಳಿದವರೂ ಒಂದಿಷ್ಟು ಹೊತ್ಕೊಂಡು ಹೋಗ್ತಿದ್ರು. ಈಗ ಪೂರ್ತಿ ಹೇಳೋದು ತಿಂಗಳಿಗೊಂದ್ಸಲ ಆ ಸೋಶಿಯಲ್ ವರ್ಕರ್ ಹತ್ರ ಮಾತ್ರ. ಉಳಿದವರಿಗೆ ಎರಡೇ ಸಾಲು: ಹುಡುಗಿ ಸೇಫ್ ಇದಾಳೆ, ಮುಂದೆ ಇದು ಮಾಡ್ಬೇಕು. ಸಹೋದ್ಯೋಗಿ ಹತ್ರ ಹೇಳ್ಕೊಳ್ಳೇಬೇಕು ಅನ್ನಿಸಿದ್ರೆ ಮೊದಲು ಕೇಳ್ತೀನಿ, ಒಂದು ಭಾರದ ವಿಷಯ ಇದೆ, ಈಗ ಕೇಳೋಕಾಗುತ್ತಾ ಅಂತ. ಆಗಲ್ಲ ಅಂದ್ರೆ ಬೇಜಾರಿಲ್ಲ.

ಇನ್ನೊಂದು, ಮನೆ ಒಳಗೆ ಹೋಗೋ ಮುಂಚೆ ಹಿತ್ತಲ ನಲ್ಲೀಲಿ ಕೈಕಾಲು ತೊಳ್ಕೊಂಡು ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂರ್ತೀನಿ. ಸಾವಿನ ಮನೆಯಿಂದ ಬಂದವರು ನೀರು ಹಾಕ್ಕೊಳ್ದೆ ಒಳಗೆ ಬರಬಾರದು ಅಂತಿದ್ರು ನಮ್ಮಜ್ಜಿ. ಮೈಲಿಗೆ ಅನ್ನೋ ಮಾತು ನಾನು ಒಪ್ಪಲ್ಲ, ಆದ್ರೆ ಅಲ್ಲಿಂದ ಇಲ್ಲಿಗೆ ಬಂದೆ ಅಂತ ಮೈಗೆ ಗೊತ್ತಾಗೋಕೆ ತಣ್ಣೀರಿನಷ್ಟು ಸಹಾಯ ಬೇರೆ ಯಾವುದೂ ಮಾಡ್ಲಿಲ್ಲ.

ಮತ್ತೆ ನಾನು ಕೌನ್ಸೆಲರ್ ಅಲ್ಲ ಅಂತ ಒಪ್ಕೊಂಡೆ. ಈಗ ಹುಡುಗಿ ಪಕ್ಕದಲ್ಲೇ ಕೂತು 14416ಕ್ಕೆ ಡಯಲ್ ಮಾಡ್ತೀನಿ, ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಒಂದು ರಾತ್ರಿ ನನಗೋಸ್ಕರಾನೇ ಮಾಡಿದ್ದೆ. ವಾರ್ಡನ್‌ಗಳೂ ಮಾಡಬಹುದು, ದಯವಿಟ್ಟು ಮಾಡಿ.

ಬರ್ನೌಟ್ ಕಡೆ ಮಾತ್ರ ನನ್ನೊಬ್ಬಳಿಂದ ಆಗೋದಲ್ಲ. ಶನಿವಾರ ಎರಡು ಗಂಟೆ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ವರ್ಕ್‌ಶಾಪ್ ಮಾಡಿಸಿ ಫೋಟೋ ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲಿಗೆ ಹಾಕಿದ್ರು, ಫೋನ್ ಮಾತ್ರ ರಾತ್ರಿಯೆಲ್ಲ ನನ್ನ ದಿಂಬಿನ ಪಕ್ಕಾನೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರ್ನೌಟ್‌ನ ಕಾಯಿಲೆ ಅಂತ ಕರೆಯದೆ ಕೆಲಸದ ಜಾಗಕ್ಕೆ ಸಂಬಂಧಪಟ್ಟ ಸಮಸ್ಯೆ ಅಂತ ಹೇಳಿದೆ, ಅದನ್ನ ಪ್ರಿಂಟ್ ತೆಗೆದು ಪ್ರಿನ್ಸಿಪಾಲ್ ಟೇಬಲ್ ಮೇಲಿಟ್ಟೆ. ನಾಲ್ಕು ತಿಂಗಳು ಓಡಾಡಿದ ಮೇಲೆ ಮೂರು ಜನರ ಪಾಳಿ ಆಯ್ತು, ಹಾಸ್ಟೆಲ್‌ಗೆ ಬೇರೆ ಫೋನ್ ಬಂತು, ಕೈ ಬದಲಾಗುವಾಗ ರಿಜಿಸ್ಟರಲ್ಲಿ ಸೈನ್. ಘಟನೆ ಆದ ಮಾರನೇ ದಿನ ಡ್ಯೂಟೀಲಿದ್ದವರಿಗೆ ಕ್ಲಾಸಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆ ಅರ್ಹತೆ ಇರೋ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್‌ನಾದ್ರೂ ಇಟ್ಕೋಬೇಕು ಅಂತ ಹೇಳಿದೆ, ಆ ಆದೇಶ ಹಿಡ್ಕೊಂಡು ಈಗ ಅದಕ್ಕೆ ಓಡಾಡ್ತಿದೀನಿ.

ಇಷ್ಟೆಲ್ಲ ಮಾಡ್ಕೊಂಡ ನಾನು ಒಬ್ಬರನ್ನ ಮರೆತಿದ್ದೆ. ಆವತ್ತು ಆ ರೂಮಿನ ಬಾಗಿಲು ಮೊದಲು ತೆಗೆಸಿದ್ದು ನಮ್ಮ ಆಯಾ, ಎಲ್ರೂ ಅಕ್ಕ ಅಂತೀವಿ, ಆಂಬುಲೆನ್ಸಲ್ಲಿ ಹುಡುಗಿ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೂ ಅವರೇ. ಐದಾರು ತಿಂಗಳಾದ ಮೇಲೆ ಅಕ್ಕ ಮೂರನೇ ಮಹಡಿ ಗುಡಿಸ್ತಿಲ್ಲ ಅಂತ ಕಂಪ್ಲೇಂಟ್ ಬಂತು, ಮೆಮೋಗೆ ನಾನೇ ಸೈನ್ ಹಾಕಿದೆ. ಅವರು ಮೆಮೋ ಕೈಯಲ್ಲಿ ಹಿಡ್ಕೊಂಡು ಬಂದು, "ಮೇಡಂನೋರೆ, ಆ ಮೆಟ್ಲು ಹತ್ತೋಕೆ ಕಾಲು ಬರಲ್ಲ ನಂಗೆ" ಅಂದ್ರು. ನನಗೆ ಪ್ರಶ್ನಾವಳಿ ಕೊಡೋಕೆ ಒಬ್ರಿದ್ರು, ಅವರನ್ನ ಊಟ ಆಯ್ತಾ ಅಂತಾನೂ ಯಾರೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಮೆಮೋ ವಾಪಸ್ ತಗೊಂಡು ಅವರಿಗೆ ಕೆಳಗಿನ ಮಹಡಿ ಕೊಡಿಸಿದೆ, ಮುಂದಿನ ಸಲ ಜಿಲ್ಲಾಸ್ಪತ್ರೆಗೆ ಹೋಗುವಾಗ ಜೊತೇಲಿ ಕರ್ಕೊಂಡು ಹೋದೆ. ಬಸ್ಸಲ್ಲಿ ಇಬ್ರೂ ಒಂದೂ ಮಾತಾಡ್ಲಿಲ್ಲ. ವಾಪಸ್ ಬರ್ತಾ ಅವರೇ, "ಬಾಳೆಹಣ್ಣು ತಿಂತೀರಾ ಮೇಡಂನೋರೆ" ಅಂತ ಸೆರಗಿಂದ ತೆಗೆದು ಒಂದು ನನಗೆ ಕೊಟ್ಟು ಒಂದು ತಾವು ತಿಂದ್ರು. ಈಗ ಪಾಳಿ ಮೀಟಿಂಗಲ್ಲಿ ಅಕ್ಕನೂ ಕೂರ್ತಾರೆ, ಕುರ್ಚಿ ಮೇಲೆ ಕೂರೋಕೆ ಒಪ್ಪಿಸೋದಕ್ಕೇ ಮೂರು ಮೀಟಿಂಗ್ ಬೇಕಾಯ್ತು.