ಆಗುಂಬೆ ಘಾಟಿ, ಟರ್ಬೊ ಕಾರು ಮತ್ತು 2 ಲೀಟರ್ ನೀರು

ಎಂಜಿನ್‌ಗೆ ನೀರು ಹೊಡೆಸಿದ್ದೇನೆ, ಅಂದರೆ ಅದು ಎಳೆದುಕೊಳ್ಳುವ ಗಾಳಿಗೆ ನೀರು ಸಿಂಪಡಿಸುವ ಏರ್ಪಾಡು ಮಾಡಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಮೈಲೇಜ್ ಎಷ್ಟು ಜಾಸ್ತಿ ಆಯ್ತು ಅಂತ. ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿಕೊಂಡು ಶಿವಮೊಗ್ಗಕ್ಕೆ ನಿಧಾನವಾಗಿ ಹೋಗಿಬರುವಾಗ ಲೆಕ್ಕಕ್ಕೆ ಸಿಗುವಷ್ಟು ಪೆಟ್ರೋಲ್ ಏನೂ ಉಳಿಯಲಿಲ್ಲ. ನೀರು ಇಂಧನವಲ್ಲ, ಅದು ಆಗಲೇ ಉರಿದು ಮುಗಿದ ಹೈಡ್ರೋಜನ್. ಬ್ಯಾಟರಿಯ ಕರೆಂಟಿನಿಂದ ನೀರನ್ನು ಒಡೆದು ಗ್ಯಾಸ್ ಮಾಡಿ ಎಂಜಿನ್‌ಗೆ ಕೊಡುತ್ತೇವೆ ಅಂತ ಕಿಟ್ ಮಾರುವವರೂ ಇದ್ದಾರೆ. ಆ ಕರೆಂಟ್ ಬರುವುದು ಆಲ್ಟರ್ನೇಟರ್‌ನಿಂದ, ಆಲ್ಟರ್ನೇಟರ್ ತಿರುಗುವುದು ಪೆಟ್ರೋಲ್‌ನಿಂದ. ಅಲ್ಲಿಗೆ ಆ ವಿಷಯ ಮುಗೀತು.

ಸೋಮೇಶ್ವರದಿಂದ ಆಗುಂಬೆ ಹತ್ತುವಾಗಿನ ಕಥೆ ಮಾತ್ರ ಬೇರೆ.

ನನ್ನದು 1.2 ಲೀಟರ್‌ನ ಟರ್ಬೊ ಪೆಟ್ರೋಲ್ ಕಾರು. ಉಡುಪಿಯಲ್ಲಿ ನೆಂಟರಿರುವುದರಿಂದ ಘಾಟಿ ಇಳಿದು ಹತ್ತುವುದು ತಪ್ಪಿದ್ದಲ್ಲ. ಏಪ್ರಿಲ್ ಬಿಸಿಲು, ಎಸಿ ಆನ್, ಒಳಗೆ ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ. 14 ತಿರುವು, ಹೆಚ್ಚಿನ ಕಡೆ ಎರಡನೇ ಗೇರು. ಮೊದಲ ಕೆಲವು ತಿರುವುಗಳಲ್ಲಿ ಚೆನ್ನಾಗಿ ಎಳೆಯುವ ಗಾಡಿ ಮೇಲೆ ಹೋಗುತ್ತಾ ಹೋಗುತ್ತಾ ಮಂಕಾಗುತ್ತಿತ್ತು. ಎಂಜಿನ್ನಿನ ಮಾಹಿತಿ ಓದಲು ಕಾರಿನಲ್ಲಿರುವ ಓಬಿಡಿ ಪೋರ್ಟಿಗೆ ಒಂದು ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಕಾರಣ ಕಂಡಿತು. ಎಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣತೆ 60 ಡಿಗ್ರಿ ದಾಟಿದೆ. ಸ್ಪಾರ್ಕ್ ಟೈಮಿಂಗನ್ನು, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಹೊತ್ತನ್ನು, ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಹಿಂದಕ್ಕೆ ಎಳೆದು ಕೂತಿದೆ.

ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಬೇಕಾದ ಇಂಟರ್‌ಕೂಲರಿಗೆ ಘಾಟಿಯ ನಿಧಾನ ಓಟದಲ್ಲಿ ಎದುರುಗಾಳಿಯೇ ಸಿಗುವುದಿಲ್ಲ. ಬಿಸಿಗಾಳಿ ಸಿಲಿಂಡರ್ ಸೇರಿದರೆ, ಸ್ಪಾರ್ಕಿನ ಬೆಂಕಿ ಹರಡಿ ಮುಗಿಯುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡ ಕೂಡಲೇ ಇಸಿಯು ಸ್ಪಾರ್ಕನ್ನು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಹೋಗುತ್ತದೆ. ಸಾಲದ್ದಕ್ಕೆ ಹೊರೆ ಹೆಚ್ಚಾದಾಗ ಟರ್ಬೊ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡದಿರಲಿ ಅಂತ ಬರೀ ತಂಪಿಗಾಗಿ ಹೆಚ್ಚುವರಿ ಪೆಟ್ರೋಲನ್ನೂ ಸುರಿಯುತ್ತದೆ.

ನೀರಿನ ಕೆಲಸ ಇರುವುದು ಇಲ್ಲಿ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,257 ಕಿಲೋಜೌಲ್ ಶಾಖ ಹೀರುತ್ತದೆ. ಪೆಟ್ರೋಲ್ ಹೀರುವುದು 350ರ ಆಸುಪಾಸು. ತಂಪು ಮಾಡುವುದಕ್ಕೇ ಆದರೆ ಪೆಟ್ರೋಲಿಗಿಂತ ನೀರು ಆರು ಪಟ್ಟು ಮೇಲು. ಇದು ಹಳೆಯ ವಿದ್ಯೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪಿ-47 ಯುದ್ಧವಿಮಾನಗಳು ನೀರು ಹೊಡೆಸಿಕೊಂಡೇ ಹೆಚ್ಚಿನ ಶಕ್ತಿ ತೆಗೆಯುತ್ತಿದ್ದವು. ಜರ್ಮನರು ಅರ್ಧ ನೀರು ಅರ್ಧ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಬೆರೆಸಿ ಎಂಡಬ್ಲ್ಯೂ-50 ಅಂತ ಹೆಸರಿಟ್ಟಿದ್ದರು. ಇತ್ತೀಚೆಗೆ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಕಾರಿನಲ್ಲಿ ಬಾಷ್ ಕಂಪನಿಯ ವ್ಯವಸ್ಥೆ ಬಂತು. ಇಂಧನ 13%ವರೆಗೆ ಉಳಿಯುತ್ತದೆ ಅಂತ ಬಾಷ್ ಹೇಳಿದ್ದು ವೇಗದ, ಹೊರೆಯ ಓಟಕ್ಕೆ. ಆ ಹೆಚ್ಚುವರಿ ಪೆಟ್ರೋಲಿನ ಬದಲು ನೀರು ಕೊಡುವ ಲೆಕ್ಕ ಅಲ್ಲಿ ಇಸಿಯುನಲ್ಲೇ ಬರೆದಿರುತ್ತದೆ. ನನ್ನ ಕಾರಿನ ಇಸಿಯುಗೆ ನೀರು ಬರುತ್ತಿದೆ ಅನ್ನುವುದೇ ಗೊತ್ತಿಲ್ಲ.

ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ನಲ್ಲಿ ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ವಿಷಯ ತೆಗೆದರೆ ನಕ್ಕರು. "ಇದೆಲ್ಲ ನಾವು ಆಗಲೇ ಮಾಡಿ ಬಿಟ್ಟಿದ್ದು ಮಾರಾಯ್ರೆ. ಅಂಬಾಸಿಡರಿಗೆ ಗ್ಲೂಕೋಸ್ ಪೈಪ್ ಕಟ್ತಿದ್ವಿ." ಆಸ್ಪತ್ರೆಯ ಡ್ರಿಪ್ ಪೈಪನ್ನು ಕಾರ್ಬೊರೇಟರ್ ಕೆಳಗಿನ, ಎಂಜಿನ್ ಹೀರುವ ವ್ಯಾಕ್ಯೂಮ್ ನಳಿಕೆಗೆ ಸಿಕ್ಕಿಸಿ, ಪೈಪಿನ ಪುಟ್ಟ ಗಾಲಿ ತಿರುಗಿಸಿ ಹನಿ ಬಿಡುವುದು. ಪಿಸ್ಟನ್ ಮೇಲಿನ ಕಾರ್ಬನ್ ಬಿಡಿಸಲು ಅದು ಒಳ್ಳೆಯ ಉಪಾಯ, ಆವಿ ಅದನ್ನು ಚೆನ್ನಾಗಿ ತೊಳೆಯುತ್ತದೆ. ಆದರೆ ಓಡಿಸುವಾಗ ಅದು ಪೂರ್ತಿ ಉಲ್ಟಾ. ಆಕ್ಸಿಲರೇಟರ್ ಬಿಟ್ಟಾಗ, ಐಡಲ್‌ನಲ್ಲಿ ನಿಂತಾಗ ವ್ಯಾಕ್ಯೂಮ್ ಜಾಸ್ತಿ, ನೀರು ಸೊರಸೊರ ಇಳಿಯುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ, ನೀರು ಬೇಕಾದ ಆ ಹೊತ್ತಿಗೇ ವ್ಯಾಕ್ಯೂಮ್ ಬಿದ್ದುಹೋಗಿ ಹನಿ ನಿಲ್ಲುತ್ತದೆ. ಅದಕ್ಕೇ ಪಂಪು ಬೇಕು, ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ನೋಡಿ ಪಂಪನ್ನು ಓಡಿಸುವ ಸ್ವಿಚ್ ಬೇಕು.

ಪಂಪಿಗೆ ಹುಡುಕಾಡಲಿಲ್ಲ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಮಲೆನಾಡಿನಲ್ಲಿ ಯಾರ ಮನೆಯಲ್ಲಿಲ್ಲ? ಅದರೊಳಗಿನ 12 ವೋಲ್ಟ್ ಡಯಾಫ್ರಂ ಪಂಪೇ ಸಾಕು. ಬಿಡಿಭಾಗವಾಗಿಯೇ ಸಿಗುತ್ತದೆ, ಹೊಸದನ್ನೇ ತನ್ನಿ. ಬೋರ್ಡೋ ದ್ರಾವಣ ಓಡಿಸಿದ ಹಳೆ ಪಂಪನ್ನು ಎಂಜಿನ್ ಹತ್ತಿರ ತರಬೇಡಿ, ಅದರೊಳಗೆ ಸುಣ್ಣ, ಮೈಲುತುತ್ತ ಎರಡೂ ಕೂತಿರುತ್ತವೆ.

ನಾಜಲ್ ಆರಿಸಲು ಸ್ವಲ್ಪ ಲೆಕ್ಕ ಹಾಕಬೇಕು. ಇಷ್ಟು ದೊಡ್ಡ ಟರ್ಬೊ ಎಂಜಿನ್ ಪೂರ್ತಿ ಶಕ್ತಿಯಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ಮೇಲೆಯೇ ಪೆಟ್ರೋಲ್ ಕುಡಿಯುತ್ತದೆ. ನೀರು ಅದರ 10ರಿಂದ 20% ಇದ್ದರೆ ಸಾಕು. ನಾನು ನಿಮಿಷಕ್ಕೆ 80 ಮಿಲಿ ಬಿಡುವ, ಮಂಜಿನಂತೆ ಸಿಂಪಡಿಸುವ ನಾಜಲ್ ಹಾಕಿದೆ. ಹನಿ ದಪ್ಪವಿದ್ದರೆ ಕೆಲಸವಿಲ್ಲ. ಪೈಪಿನ ಗೋಡೆಗೆ ಅಂಟಿ ಹರಿದು ಒಂದೇ ಸಿಲಿಂಡರ್ ಪಾಲಾಗುತ್ತದೆ. ನಾಜಲ್ ಕೂರಿಸುವ ಜಾಗ ಇಂಟರ್‌ಕೂಲರ್ ದಾಟಿ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್‌ಗಿಂತ ಮುಂಚೆ. ಬೂಸ್ಟ್ ಸುಮಾರು 0.5 ಬಾರ್ ಮುಟ್ಟಿದಾಗ ಪ್ರೆಷರ್ ಸ್ವಿಚ್ ರಿಲೇಗೆ ಕರೆಂಟ್ ಕೊಡುತ್ತದೆ. ರಿಲೇಯಿಂದ ಪಂಪು ಓಡುತ್ತದೆ, ಜೊತೆಗೇ ಕರೆಂಟಿದ್ದಾಗ ಮಾತ್ರ ನೀರು ಬಿಡುವ ಸೊಲೆನಾಯ್ಡ್ ವಾಲ್ವ್ ತೆರೆಯುತ್ತದೆ. ಮಧ್ಯೆ ಫ್ಯೂಸ್ ಇರಲೇಬೇಕು.

ಖರ್ಚು ಉಳಿಸಲು ಹೋಗಿ ಸೊಲೆನಾಯ್ಡ್ ಬಿಡಬೇಡಿ. ಅದಿಲ್ಲದಿದ್ದರೆ ಪಂಪು ನಿಂತ ಮೇಲೂ ಪೈಪಿನಲ್ಲಿರುವ ನೀರು ತೊಟ್ಟಿಕ್ಕುತ್ತದೆ. ಟ್ಯಾಂಕ್ ನಾಜಲ್‌ಗಿಂತ ಎತ್ತರದಲ್ಲಿದ್ದರಂತೂ ರಾತ್ರಿಯಿಡೀ ಇಳಿದು ಸಿಲಿಂಡರ್ ಸೇರಬಹುದು. ನೀರನ್ನು ಪಿಸ್ಟನ್ ಒತ್ತಲಾರದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನನ್ನ 2 ಲೀಟರ್ ಟ್ಯಾಂಕ್ ಡಿಕ್ಕಿಯ ತಳದಲ್ಲಿದೆ. ವೈಪರ್ ನೀರಿನ ಬಾಟಲಿಯನ್ನೇ ಬಳಸಬಹುದಲ್ಲ ಅಂತ ಕೇಳುತ್ತಾರೆ. ಅದಕ್ಕೆ ಶಾಂಪೂ ಹಾಕುವ ಅಭ್ಯಾಸ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ನೋಡಿ.

ನೀರು ಡಿಸ್ಟಿಲ್ಡ್ ಆಗಿರಬೇಕು. ಬೋರ್‌ವೆಲ್ ನೀರಿನ ಗಡಸು ನಾಜಲ್ ತೂತನ್ನು ಕಟ್ಟಿಬಿಡುತ್ತದೆ. ನಮ್ಮ ಮಳೆನೀರು ಮೆದುವೇ, ಆದರೆ ಹಂಚಿನ ಮೇಲಿಂದ ಇಳಿದದ್ದರಲ್ಲಿ ಹಾವಸೆ ಬರುತ್ತದೆ. ಮೆಥನಾಲ್ ಬೆರೆಸುವ ಸಲಹೆ ಚಳಿದೇಶದಲ್ಲಿ ನೀರು ಹೆಪ್ಪುಗಟ್ಟದಿರಲೆಂದೂ ಹೌದು, ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಏರಲೆಂದೂ ಹೌದು. ನಾನು ಮುಟ್ಟಲಿಲ್ಲ. ಅದು ವಿಷ, ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೂ ಸರಿಯಾಗಿ ಕಾಣದು.

ಇನ್ನು ಫಲಿತಾಂಶ. ಅದೇ ಘಾಟಿ, ಅದೇ ಬಿಸಿಲು, ಹೆಚ್ಚುಕಡಿಮೆ ಅಷ್ಟೇ ಹೊರೆ. ಗಾಳಿಯ ಉಷ್ಣತೆ 45ರ ಹತ್ತಿರ ಬಂತು, ಆದರೆ ಈ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಸೆನ್ಸರ್ ಮೇಲೆ ಹನಿ ಕೂತರೆ ಅದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಾಗುತ್ತದೆ. ಪೈಪಿನಲ್ಲಿ ಆವಿಯಾಗುವುದು ಸ್ವಲ್ಪವೇ. ಹೆಚ್ಚಿನ ಪಾಲು ಸಿಲಿಂಡರಿನೊಳಗೆ, ಒತ್ತಡದಲ್ಲಿ ಆವಿಯಾಗುತ್ತದೆ. ನಂಬಬೇಕಾದ್ದು ಟೈಮಿಂಗ್. ಇಸಿಯು ಹಿಂದಕ್ಕೆ ಎಳೆದಿದ್ದ ನಾಲ್ಕೈದು ಡಿಗ್ರಿ (ಇದು ಉಷ್ಣತೆಯಲ್ಲ, ಎಂಜಿನ್ ತಿರುಗುವ ಕೋನ) ವಾಪಸ್ ಬಂತು. ಆಗುಂಬೆ ಚೆಕ್‌ಪೋಸ್ಟ್ ಮುಟ್ಟುವವರೆಗೂ ಕಾರು ಕೆಳಗೆ ಎಳೆದ ಹಾಗೇ ಎಳೆಯಿತು. ಅಂದರೆ ನನಗೆ ಹೊಸ ಶಕ್ತಿ ಸಿಗಲಿಲ್ಲ, ಬಿಸಿಯಲ್ಲಿ ಕಳೆದುಹೋಗುತ್ತಿದ್ದದ್ದು ಉಳಿಯಿತು.

ಇಲ್ಲಿಂದ ಮುಂದೆ ಹೋಗಿ ಇಸಿಯು ರೀಮ್ಯಾಪ್ ಮಾಡಿಸಿ, ಅಂದರೆ ಅದರೊಳಗಿನ ಲೆಕ್ಕವನ್ನೇ ಬದಲಾಯಿಸಿ ಅಂತ ಹುಡುಗರು ಹುರಿದುಂಬಿಸುತ್ತಾರೆ. ನೀರನ್ನೇ ನೆಚ್ಚಿ ಟೈಮಿಂಗ್ ಮುಂದಿಟ್ಟರೆ ಟ್ಯಾಂಕ್ ಖಾಲಿಯಾದ ದಿನ ಪಿಸ್ಟನ್ ಕರಗಬಹುದು. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಕಂಪನಿಯೇ ನೀರು-ಮೆಥನಾಲ್ ದ್ರವದ ಟ್ಯಾಂಕ್ ಕೊಟ್ಟಿತ್ತು, ಖಾಲಿಯಾದರೆ ಬೂಸ್ಟ್ ತಾನೇ ತಗ್ಗುವ ಏರ್ಪಾಡೂ ಇತ್ತು. ಆದರೂ ಜನ ತುಂಬಿಸಲು ಮರೆಯುತ್ತಿದ್ದರು. ನಾನು ಮರೆತರೆ ನನ್ನ ಕಾರು ಬರೀ ಹಳೆಯ ಮಂಕಿಗೆ ಮರಳುತ್ತದೆ, ನನಗೆ ಅಷ್ಟೇ ಧೈರ್ಯ ಸಾಕು. ವಾರಂಟಿ ಇರುವ ಗಾಡಿಗೆ ಇದನ್ನು ಹಾಕಬೇಡಿ, ವಿಮೆಯವರನ್ನೂ ಕೇಳಿಕೊಳ್ಳಿ. ಗಾಡಿಯಲ್ಲಿ ಬದಲಾವಣೆ ಮಾಡುವ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ.

ಜೂನ್ ಬಂದ ಮೇಲೆ ಪಂಪಿನ ಫ್ಯೂಸ್ ಕಿತ್ತಿಡುತ್ತೇನೆ. ಮಳೆಗಾಲದ ಆಗುಂಬೆಯ ಗಾಳಿಯೇ ತಣ್ಣಗಿರುತ್ತದೆ, ಆಗ ಟೈಮಿಂಗ್ ಹಿಂದೆ ಸರಿಯುವುದೇ ಅಪರೂಪ. ಟ್ಯಾಂಕ್ ಖಾಲಿ ಮಾಡಿ, ನಾಜಲ್ ಬಿಚ್ಚಿ, ಅದರ ಪುಟ್ಟ ಜಾಲರಿಯನ್ನು ವಿನಿಗರ್‌ನಲ್ಲಿ ನೆನೆಸಿ ತೊಳೆದಿಡುತ್ತೇನೆ. ಟ್ಯಾಂಕಿನ ಬದಲು ಬಿಳಿ ಕ್ಯಾನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಬೆಳಕು ಬಿದ್ದರೆ ಅದರೊಳಗೆ ಪಾಚಿ ಬೆಳೆಯುತ್ತದೆ, ಕಪ್ಪು ಬಣ್ಣ ಹೊಡೆಯಿರಿ.